ಕೋಣನ ಮುಂಗಾಲು

ಎಂಬತ್ತಮೂರರ ವಯಸ್ಸಿನಲ್ಲೂ, ನನ್ನ ತಾಳ ತಪ್ಪಿದರೆ ಕೈಯಲ್ಲಿರುವ ಬೀಸಣಿಗೆಯಿಂದಲೇ ನೆತ್ತಿಗೆ ಮೊಟಕಬಲ್ಲ ನಮ್ಮ ಅಧ್ಯಕ್ಷೆ ಮಾಮ್ ನೆನಿತಾ ಅವರೇ, ಪೂಜ್ಯ ಪಾದ್ರಿಗಳೇ, ಮಾನ್ಯ ಕೌನ್ಸಿಲರ್ ಅವರೇ, ಮೂವತ್ತು ವರ್ಷಗಳಿಂದ ನನ್ನ ಜೊತೆ ಬೆವರು ಸುರಿಸಿದ ಕಪ್ಪೆಗಳೇ, ಮಂಗಗಳೇ, ಹುಂಜಗಳೇ, ಬೆಳ್ಳಕ್ಕಿಗಳೇ, ಇವರನ್ನೆಲ್ಲ ಮನೆಯಲ್ಲಿ ಸಹಿಸಿಕೊಂಡ ಗಂಡಂದಿರೇ, ಹೆಂಡಂದಿರೇ, ಮತ್ತು ಮೊದಲೇ ಬಂದು ಫ್ಯಾನಿನ ಕೆಳಗೆ ಜಾಗ ಹಿಡಿದ ಜಾಣ ಸಭಿಕರೇ,

ನನಗೆ ಹತ್ತು ನಿಮಿಷ ಎಂದು ಹೇಳಿದ್ದಾರೆ. ನಟನ ಕೈಗೆ ಮೈಕು ಕೊಟ್ಟು ಹತ್ತು ನಿಮಿಷ ಎನ್ನುವವರಿಗೆ ನಟರ ಪರಿಚಯ ಇಲ್ಲ ಎಂದೇ ಅರ್ಥ. ಆದರೂ ಬೇಗ ಮುಗಿಸುತ್ತೇನೆ. ಯಾಕೆಂದರೆ ಹಿಂದೆ ಅಡುಗೆಮನೆಯಲ್ಲಿ ಬಾಚೊಯ್ ನೂಡಲ್ ಸಾರು ಕುದಿಯುವ ವಾಸನೆ ನನಗೂ ಬರುತ್ತಿದೆ. ಬೇಗ ಮುಗಿಸಲು ಇನ್ನೊಂದು ಕಾರಣವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಎಡಗಡೆ ನಿಂತಿರುವ ಈ ಮಹಾಶಯನನ್ನು ನೋಡಿ. ಹೊಸ ಹುಡುಗ ಹುಡುಗಿಯರಿಗೆ ಇವನ ಪರಿಚಯ ಅಷ್ಟಾಗಿ ಇರಲಾರದು. ಈಗಿನ ಕೋಣ ಹಗುರ ಸ್ಪಂಜಿನದು, ಒಬ್ಬನೇ ಹೊಕ್ಕು ಕುಣಿಯಬಹುದು. ನಮ್ಮ ಕಾಲದ ಕೋಣ ಇವನು. ಬಿದಿರಿನ ಪಕ್ಕೆಲುಬು, ಅಬಾಕಾ ನಾರಿನ ಚರ್ಮ, ಮೇಲೆ ಮೂರು ಪದರ ಬಣ್ಣ. ತಲೆಯೊಂದೇ ಒಂಬತ್ತು ಕಿಲೋ. ಇವನೊಳಗೆ ಇಬ್ಬರು ಬೇಕಿತ್ತು. ಮುಂದಿನವನು ನೆಟ್ಟಗೆ ನಿಂತು, ತಲೆ ಹೊತ್ತು, ಮುಂಗಾಲಿನ ಗೊರಸುಗಳನ್ನು ಕೈಗೆ ತೊಟ್ಟು, ಬಾಯಿಯ ಬಲೆಯಿಂದ ಹೊರಗೆ ನೋಡುತ್ತ ಹಾಡಬೇಕು. ಹಿಂದಿನವನು ಒಂದೂವರೆ ಗಂಟೆ ಬಗ್ಗಿಕೊಂಡೇ, ಮುಂದಿನವನ ಸೊಂಟದ ಬೆಲ್ಟು ಹಿಡಿದು, ನೆಲ ನೋಡುತ್ತ ನಡೆಯಬೇಕು. ಸೋಮವಾರ ಈ ಕೋಣ ಮ್ಯೂಸಿಯಂಗೆ ಹೋಗುತ್ತಾನೆ. ಗಾಜಿನ ಪೆಟ್ಟಿಗೆ, ತಣ್ಣನೆಯ ಗಾಳಿ. ನಮಗಿಬ್ಬರಿಗೂ ಒಂದು ದಿನವೂ ಸಿಗದ ತಣ್ಣನೆಯ ಗಾಳಿ ಇವನಿಗೆ ಸಿಗಲಿದೆ.

ಹತ್ತೊಂಬತ್ತು ವರ್ಷ ನಾನು ಇವನ ಮುಂಗಾಲು. ಇಲೋಯ್ಲೋದಲ್ಲಿ ಹುಟ್ಟಿ ಬೆಳೆದ ಯಾವ ಮಗು ನಮ್ಮ ನಾಟಕ ನೋಡಿಲ್ಲ, ಹೇಳಿ? ಗದ್ದೆಗೆ ಉಳುವ ಯಂತ್ರ ಬಂತೆಂದು ಮುನಿಸಿಕೊಂಡು ಮುದಿ ಕೋಣ ಮನೆ ಬಿಟ್ಟು ಹೋಗುತ್ತಾನೆ. ಕಪ್ಪೆ, ಮಂಗ, ಹುಂಜ, ಬೆಳ್ಳಕ್ಕಿ ಎಲ್ಲ ಸೇರಿ ಅವನನ್ನು ಹುಡುಕಿ, ಹಾಡಿ, ರಮಿಸಿ ಕರೆತರುತ್ತವೆ. ಇಷ್ಟೇ ಕಥೆ. ಇಷ್ಟಕ್ಕೇ ಮಕ್ಕಳು ಅತ್ತರು, ಮಕ್ಕಳಿಗಿಂತ ಹೆಚ್ಚು ಅವರ ಅಜ್ಜಂದಿರು ಅತ್ತರು.

ಆದರೆ ಸಭಿಕರೇ, ಅವರು ಯಾರನ್ನು ನೋಡಿ ಅತ್ತರು? ರೊಸೆಂಡೊ ಪಲ್ಮಾರೆಸ್ ಎಂಬ ನನ್ನ ಹೆಸರು ಅವರಿಗೆ ಗೊತ್ತಿತ್ತೇ? ಇರಲಿಲ್ಲ. ಯಾಕೆಂದರೆ ಮಾಮ್ ನೆನಿತಾ ಅವರ ಕಾನೂನುಗಳು ಹಾಗಿದ್ದವು. ಪ್ರಾಣಿಯೊಳಗಿನ ಮನುಷ್ಯ ಮಕ್ಕಳ ಕಣ್ಣಿಗೆ ಬೀಳಕೂಡದು. ಹಾಡು ಬಿಟ್ಟರೆ ಪ್ರಾಣಿ ಬಾಯಿ ಬಿಡಕೂಡದು. ಅಚ್ಚಾದ ಹಾಳೆಯಲ್ಲಿ ನಟರ ಹೆಸರು ಇರಕೂಡದು. "ಕೋಣನ ಪಾತ್ರದಲ್ಲಿ: ಕೋಣ" ಎಂದು ಅಚ್ಚು ಹಾಕಿಸುತ್ತಿದ್ದರು! ನಾನು ಪ್ರತಿ ವರ್ಷ ಜಗಳ ಆಡಿದೆ. ಪ್ರತಿ ವರ್ಷವೂ ಇವರದು ಒಂದೇ ಉತ್ತರ. "ಹೆಸರು ಬೇಕಾದ್ರೆ ಎಲೆಕ್ಷನ್‌ಗೆ ನಿಲ್ಲು ಸೆಂಡೋ. ಇಲ್ಲಿ ಬಾಲ ಅಲ್ಲಾಡ್ಸು." ಕೌನ್ಸಿಲರ್ ನಗುತ್ತಿದ್ದಾರೆ, ಆದರೆ ಅದನ್ನು ಕೇಳಿದಾಗ ನನಗೆ ನಗು ಬರುತ್ತಿರಲಿಲ್ಲ. ನನಗೆ ಹೆಸರಿನ ಹಸಿವು ಬಹಳ ಇತ್ತು, ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ.

ನನ್ನ ಹಿಂಗಾಲು ಎಲುತೇರಿಯೊ ಗುಂಬಾನ್. ನಮಗೆಲ್ಲ ತೆರ್ಯೋ. ನನಗಿಂತ ಆರು ವರ್ಷ ದೊಡ್ಡವನು, ನನ್ನನ್ನು ಕೊನೆಯವರೆಗೂ "ತೋತೋ" ಅಂದ, ಎಂದರೆ ತಮ್ಮಾ ಅಂದ ಹಾಗೆ. ಎದುರಿನ ಗಿಮಾರಸ್ ದ್ವೀಪದವನು. ವಾರದಲ್ಲಿ ಐದು ದಿನ ದೋಣಿಯ ಎಂಜಿನ್ ರಿಪೇರಿ, ಶನಿವಾರ ಭಾನುವಾರ ನನ್ನ ಬೆನ್ನ ಹಿಂದೆ. ಚರ್ಮದೊಳಗೆ ಕತ್ತಲು, ಸೆಕೆ. ನಾನು ಬೆಳಿಗ್ಗೆ ಏನು ತಿಂದಿದ್ದೇನೆ ಎಂಬುದು ಪ್ರೇಕ್ಷಕರಿಗೆ ಗೊತ್ತಾಗದಿದ್ದರೂ ಅವನಿಗೆ ಗೊತ್ತಾಗದೆ ಇರುತ್ತಿರಲಿಲ್ಲ. "ತೋತೋ, ಇವತ್ತೂ ಬಾಚೊಯ್‌ಗೆ ಬೆಳ್ಳುಳ್ಳಿ ಜಾಸ್ತಿ ಹಾಕ್ಸಿದ್ಯಲ್ಲೋ. ನಾನೇನ್ ಪಾಪ ಮಾಡಿದ್ದೆ?" ಎಂದು ಹಿಂದಿನಿಂದ ಪಿಸುಗುಡುತ್ತಿದ್ದ. ನಾನು ಮುಂದೆ ವಿರಹದ ಹಾಡು ಹಾಡುತ್ತ ನಗು ತಡೆಯಬೇಕು!

ನಾಟಕದ ಕೊನೆಯ ಪದ್ಧತಿ ನಿಮಗೆಲ್ಲ ಗೊತ್ತು. ಮೊದಲ ವರ್ಷ ಯಾವುದೋ ಒಂದು ಮಗು ಓಡಿ ಬಂದು, ಮನೆಯಲ್ಲಿ ಅಜ್ಜನಿಗೆ ಮಾಡುವ ಹಾಗೆ, ಕೋಣನ ಮುಂಗಾಲನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಿತು. ಅಂದಿನಿಂದ ಅದೇ ರೂಢಿಯಾಯಿತು. ಮಕ್ಕಳೆಲ್ಲ ಸಾಲಾಗಿ ರಂಗದ ಮೇಲೆ ಬಂದು ಗೊರಸನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಪಡೆಯುವುದು. ಅವರು ಒತ್ತಿಕೊಳ್ಳುತ್ತಿದ್ದುದು ಮುಂಗಾಲನ್ನು. ಹಿಂಗಾಲನ್ನು ಯಾರು ಹಿಡಿಯುತ್ತಾರೆ? ಕೋಣನ ಹಿಂದೆ ಹೋಗಬಾರದು, ಒದೆಯುತ್ತದೆ ಎಂದು ಹಳ್ಳಿಯ ಮಕ್ಕಳಿಗೆ ಹೇಳಿಕೊಡಬೇಕೇ?

ಈಗ ಒಂದು ವಿಷಯ ಹೇಳುತ್ತೇನೆ. ಮಾಮ್, ಇದು ನಿಮಗೂ ಗೊತ್ತಿಲ್ಲ. ಐದನೆಯ ವರ್ಷ, ಮಳೆಗಾಲದ ಒಂದು ಆಟದಲ್ಲಿ ನನ್ನ ಗಂಟಲು ಕಟ್ಟಿತು. ಎರಡನೇ ಅಂಕದ ದೊಡ್ಡ ಹಾಡು, ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿದೆ. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ನನ್ನ ಸೊಂಟದ ಹತ್ತಿರದಿಂದ ಹಾಡು ಎದ್ದಿತು. ತೆರ್ಯೋ ಹಾಡುತ್ತಿದ್ದ. ಬಗ್ಗಿಕೊಂಡು, ಹೊಟ್ಟೆ ಮಡಚಿಕೊಂಡು, ಒಂದು ಸ್ವರವೂ ಕದಲದಂತೆ ಇಡೀ ಹಾಡು ಹಾಡಿದ. ನಾನು ಸುಮ್ಮನೆ ತಲೆ ಆಡಿಸಿದೆ. ಆಟ ಮುಗಿದ ಮೇಲೆ ಮಾಮ್ ನೆನಿತಾ ನನ್ನ ಬೆನ್ನು ತಟ್ಟಿ, "ಇವತ್ತು ನಿನ್ ದನೀಲಿ ಏನೋ ಆಳ ಇತ್ತು ಕಣೋ ಸೆಂಡೋ" ಅಂದರು. ಪಕ್ಕದಲ್ಲೇ ತೆರ್ಯೋ ನೀರು ಕುಡಿಯುತ್ತ ನಿಂತಿದ್ದ. ನಾನು "ಥ್ಯಾಂಕ್ಯೂ ಮಾಮ್" ಅಂದೆ.

ಇದನ್ನು ಹೇಳುವ ಉದ್ದೇಶ ನನಗಿರಲಿಲ್ಲ. ಹೇಳಿಬಿಟ್ಟೆ. ಇನ್ನು ಮುಂದಿನದನ್ನೂ ಹೇಳದಿದ್ದರೆ ಆಗದು.

ಏಳನೆಯ ವರ್ಷ, ಒಂದು ಗುರುವಾರ ತಾಲೀಮಿಗೆ ತೆರ್ಯೋ ಒಂದು ಬುಟ್ಟಿ ಮಾವಿನಹಣ್ಣು ತಂದ. ತಮ್ಮ ದ್ವೀಪದ ಹಣ್ಣನ್ನು ಅವನು ಸುಮ್ಮಸುಮ್ಮನೆ ಹೊತ್ತು ತರುವವನಲ್ಲ. ಒಂದನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟ.

"ತೋತೋ, ಈ ಶನಿವಾರ ಒಂದೇ ಒಂದ್ ಆಟ ನಾನು ಮುಂದೆ ನಿಲ್ಲಲೇನೋ?"

"ಯಾಕೆ, ಏನ್ ಬಂತು?"

"ಅನಾಲಿನ್ ಸ್ಕೂಲಿನವ್ರೆಲ್ಲ ಬರ್ತಿದಾರೆ. ಅವ್ಳು ಕ್ಲಾಸಲ್ಲೆಲ್ಲ ನಮ್ಮಪ್ಪಾನೇ ಕೋಣ ಅಂತ ಹೇಳ್ಕೊಂಡ್ ಬಂದಿದಾಳೆ."

"ಸರಿ ಮತ್ತೆ. ಹಿಂದಿರೋನೂ ಕೋಣಾನೇ ಅಲ್ವೇನೋ?"

"ಹೌದು. ಆದ್ರೆ ಮಕ್ಳು ಹಣೆಗೆ ಒತ್ಕೊಳೋದು ಮುಂದಿನ್ ಕಾಲ್ನ ತಾನೆ? ಹಾಡೆಲ್ಲ ನಂಗೆ ಬರತ್ತೆ. ನಿಂಗೇ ಗೊತ್ತಲ್ಲ."

ಗೊತ್ತಿತ್ತು. ನನಗಿಂತ ಚೆನ್ನಾಗಿ ಬರುತ್ತದೆ ಎಂಬುದೂ ಗೊತ್ತಿತ್ತು. ಅನಾಲಿನ್ ಅವನ ಒಬ್ಬಳೇ ಮಗಳು, ಎಂಟು ವರ್ಷದವಳು. ತಾಯಿ ಇರಲಿಲ್ಲ. ದ್ವೀಪದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ನಮ್ಮ ತಂಡದಲ್ಲಿ ಅವಳನ್ನು ಸರಿಯಾಗಿ ನೋಡಿದವರೇ ಕಡಿಮೆ. ಅವನು ಏಳು ವರ್ಷದಲ್ಲಿ ನನ್ನನ್ನು ಕೇಳಿದ್ದು ಅದೊಂದೇ.

ನಾನು ಏನು ಹೇಳಿದೆ ಗೊತ್ತೇ? "ನಂಗೆ ಸೊಂಟ ನೋವು ಕಣೋ, ಬಗ್ಗೋಕ್ ಆಗಲ್ಲ" ಅಂದೆ. ಸೊಂಟ ನೋವು! ಅದನ್ನು ಯಾರಿಗೆ ಹೇಳುತ್ತಿದ್ದೇನೆ ಎಂಬ ನಾಚಿಕೆಯೂ ನನಗಾಗಲಿಲ್ಲ. ನಿಜ ಏನೆಂದರೆ, ಆ ಶನಿವಾರ ಮನಿಲಾದಿಂದ ಒಬ್ಬ ದೊಡ್ಡ ನಿರ್ದೇಶಕ ನಾಟಕ ನೋಡಲು ಬರುವವನಿದ್ದ. ಐದನೇ ಸಾಲಿನ ನಡುವಿನ ಕುರ್ಚಿಯನ್ನು ಅವನಿಗೆಂದು ನಾನೇ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೆ. ಅವನು ನನ್ನ ಹಾಡು ಕೇಳಬೇಕು, ಮನಿಲಾಕ್ಕೆ ಕರೆಯಬೇಕು, ನನ್ನ ಹೆಸರು ಅಚ್ಚಾಗಬೇಕು. ನನ್ನ ತಲೆಯಲ್ಲಿದ್ದುದು ಇಷ್ಟೇ.

ತೆರ್ಯೋ "ಬೇಡ ಅಂದ್ರೆ ಬಿಡೋ, ಹಣ್ ತಿನ್ನು" ಅಂದ. ನಾನು ತಿಂದೆ. ಒಂದಲ್ಲ, ಮೂರು ತಿಂದೆ.

ಶನಿವಾರದ ಆಟ ಬಹಳ ಚೆನ್ನಾಗಿ ಆಯಿತು. ಅಷ್ಟು ಚೆನ್ನಾಗಿ ನಾನು ಮೊದಲೂ ಹಾಡಿರಲಿಲ್ಲ, ಆಮೇಲೂ ಹಾಡಲಿಲ್ಲ. ಕೊನೆಗೆ ಮಕ್ಕಳು ಸಾಲಾಗಿ ಬಂದರು. ಗೊರಸು ಹಿಡಿಯುತ್ತಾರೆ, ಹಣೆಗೆ ಒತ್ತುತ್ತಾರೆ, ಹೋಗುತ್ತಾರೆ. ಒಬ್ಬ ಹುಡುಗಿ ಮಾತ್ರ ಹೋಗಲಿಲ್ಲ. ಗೊರಸನ್ನು ಹಣೆಗೆ ಒತ್ತಿಕೊಂಡು ಹಾಗೇ ನಿಂತಳು. ಆಮೇಲೆ ಬಲೆಯ ಹತ್ತಿರ ಬಾಯಿ ತಂದು ಮೆಲ್ಲಗೆ ಅಂದಳು: "ಅಪ್ಪಾ, ನಾನು. ಎಲ್ರೂ ಬಂದಿದಾರೆ. ನೀನು ಎಷ್ಟ್ ಚೆನ್ನಾಗ್ ಹಾಡ್ದೆ!"

ಸಭಿಕರೇ, ನಾನು ಆಗ ಏನು ಮಾಡಬಹುದಿತ್ತು? ಬಾಯಿ ಬಿಡುವಂತಿಲ್ಲ, ಸರಿ. ಆದರೆ ತಿರುಗಬಹುದಿತ್ತು. ಎಂಟು ಹೆಜ್ಜೆ. ನಾವಿಬ್ಬರೂ ಜಾಗದಲ್ಲೇ ಅರ್ಧ ಸುತ್ತು ತಿರುಗಿದ್ದರೆ ಹಿಂಗಾಲು ಅವಳ ಮುಂದೆ ಬರುತ್ತಿತ್ತು. ಜನ ನಗುತ್ತಿದ್ದರು, ಅಷ್ಟೇ. ಕೋಣ ಹುಡುಗಿಗೆ ಬೆನ್ನು ಹಾಕಿತು ಎಂದು ಮಕ್ಕಳು ಕೇಕೆ ಹಾಕುತ್ತಿದ್ದರು. ತೆರ್ಯೋ ಒಂದು ಕಾಲು ಎತ್ತಿ ಅವಳ ಕೈಗೆ ಕೊಡುತ್ತಿದ್ದ. ಅವಳಿಗೆ ತಿಳಿಯುತ್ತಿತ್ತೋ ಇಲ್ಲವೋ, ಅವನಿಗಂತೂ ಆ ಹಣೆ ತಾಗುತ್ತಿತ್ತು.

ನಾನು ತಿರುಗಲಿಲ್ಲ. ಬದಲಿಗೆ ಗೊರಸು ಎತ್ತಿ, ನಿಧಾನವಾಗಿ, ಆ ಹುಡುಗಿಯ ತಲೆ ಸವರಿದೆ. ನಿಯಮದಲ್ಲಿ ಇಲ್ಲದ್ದು, ಆಗಲೇ ಹೊಳೆದದ್ದು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿಂದೆ ನನ್ನ ಬೆಲ್ಟಿನ ಮೇಲಿದ್ದ ಎರಡು ಕೈಗಳೂ ಬಿಟ್ಟುಹೋದವು. ಏಳು ವರ್ಷದಲ್ಲಿ ಒಮ್ಮೆಯೂ ಅವನು ಕೈ ಬಿಟ್ಟವನಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಿಡಿದುಕೊಂಡ, ನಾವು ಒಳಗೆ ನಡೆದೆವು.

ಚರ್ಮ ಕಳಚಿ ಕುಳಿತಾಗ ತೆರ್ಯೋ ಮುಖ ಒರೆಸಿಕೊಳ್ಳುತ್ತ, "ತಲೆ ಸವರಿದ್ಯಂತಲ್ಲ, ಒಳ್ಳೇದಾಯ್ತು" ಅಂದ. ಮತ್ತೆ ಕೇಳಿದ. "ಎರಡ್ ಜಡೆ ಹಾಕಿದ್ರಾ ಅವ್ಳಿಗೆ? ಎರಡ್ ಜಡೆ ಬೇಕು ಅಂತ ಬೆಳಿಗ್ಗೆ ಅಜ್ಜಿ ಹತ್ರ ಹಟ ಮಾಡ್ತಿದ್ಳು. ನಾನ್ ಬೇಗ ಹೊರಟ್ಬಿಟ್ಟೆ, ನೋಡಕ್ಕಾಗ್ಲಿಲ್ಲ."

ನನಗೆ ಗೊತ್ತಿರಲಿಲ್ಲ. ಅವಳ ಮುಖ ನನ್ನ ಬಲೆಯಿಂದ ಒಂದು ಗೇಣು ದೂರದಲ್ಲಿತ್ತು, ಆದರೂ ಗೊತ್ತಿರಲಿಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ನಾನು ಅವಳ ತಲೆಯ ಮೇಲಿನಿಂದ ಐದನೇ ಸಾಲನ್ನು ನೋಡುತ್ತಿದ್ದೆ. ಅಲ್ಲಿ ಕುರ್ಚಿ ಖಾಲಿಯಿತ್ತು. ಮನಿಲಾದ ಆಸಾಮಿ ವಿಮಾನಕ್ಕೆ ಹೊತ್ತಾಯಿತೆಂದು ಅರ್ಧದಲ್ಲೇ ಎದ್ದು ಹೋಗಿದ್ದನಂತೆ. ಬಾಗಿಲ ಹತ್ತಿರವಾದರೂ ನಿಂತಿದ್ದಾನೆಯೇ ಎಂದು ಹುಡುಕುತ್ತ ನಾನು ಆ ಮಗುವಿನ ತಲೆ ಸವರಿದ್ದೆ.

"ಹೂಂ, ಎರಡ್ ಜಡೆ" ಅಂದೆ. ಬಾಯಿಗೆ ಬಂದದ್ದನ್ನು ಅಂದೆ. ಅವನು ನಕ್ಕ, ಬಹಳ ಸಂತೋಷಪಟ್ಟ.

ಆಮೇಲೂ ಹನ್ನೆರಡು ವರ್ಷ ಅವನು ನನ್ನ ಸೊಂಟ ಹಿಡಿದು ನಡೆದ. ಆ ಮಾತು ಮತ್ತೆ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳ್ಳುಳ್ಳಿಯ ಜೋಕು ಕೂಡ ನಿಲ್ಲಿಸಲಿಲ್ಲ ಪುಣ್ಯಾತ್ಮ.

ಕಳೆದ ಆಗಸ್ಟಿನಲ್ಲಿ ತೆರ್ಯೋ ತೀರಿಕೊಂಡ. ನಿಮ್ಮಲ್ಲಿ ಹಲವರು ಮೊದಲ ದಿನವೇ ಹೋಗಿ ಬಂದಿರಿ. ನಾನು ಶವ ಕಾಯುವ ಜಾಗರಣೆಯ ನಾಲ್ಕನೆಯ ದಿನ ಒಬ್ಬನೇ ಹೋದೆ. ಮನೆಯ ಮುಂದೆ ಟಾರ್ಪಾಲಿನು, ಕೆಳಗೆ ಇಸ್ಪೀಟು, ಬಿಸ್ಕತ್ತು, ಕಾಫಿ. ಶವಪೆಟ್ಟಿಗೆಯ ಪಕ್ಕದಲ್ಲಿ ಒಂದು ಫೋಟೋ ಚೌಕಟ್ಟು ಹಾಕಿಸಿ ಇಟ್ಟಿದ್ದರು. ಶಾಲೆಯವರು ಆ ಶನಿವಾರ ತೆಗೆದದ್ದು. ಕೋಣನ ಗೊರಸು ಹುಡುಗಿಯ ತಲೆಯ ಮೇಲಿದೆ. ಎರಡು ಜಡೆಯಲ್ಲ, ಸಭಿಕರೇ. ಕೂದಲನ್ನು ಗಂಡುಹುಡುಗರ ಹಾಗೆ ಕತ್ತರಿಸಿದ್ದರು. ಹೇನೋ ಏನೋ, ಅಜ್ಜಿ ಹಿಂದಿನ ವಾರವೇ ಕತ್ತರಿಸಿರಬೇಕು. ಎರಡು ಜಡೆ ಬೇಕೆಂದು ಅವಳು ಹಟ ಮಾಡಿದ್ದು ಜಡೆ ಇರಲಿಲ್ಲ ಎಂಬ ಕಾರಣಕ್ಕೇ. ಹಾಗಾದರೆ ತೆರ್ಯೋಗೆ ಎಲ್ಲ ಗೊತ್ತಿತ್ತು. ನಾನು ನೋಡಿದೆನೋ ಇಲ್ಲವೋ ಎಂದು ತಿಳಿಯಲು ಕೇಳಿದ್ದ.

ಆಗ ಅನಾಲಿನ್ ಬಂದಳು. ಈಗ ದ್ವೀಪದಲ್ಲೇ ಶಾಲಾ ಟೀಚರು. ನನ್ನ ಕೈ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. "ಅಂಕಲ್, ಅಪ್ಪನ್ ಹಿಂದೆ ಇರ್ತಿದ್ರಲ್ಲ, ಸೆಂಡೋ ಅಂಕಲ್, ನೀವೇ ತಾನೆ?" ಎಂದು ಕೇಳಿದಳು. "ಅಪ್ಪ ಯಾವಾಗ್ಲೂ ಹೇಳ್ತಿದ್ರು, ಸೆಂಡೋ ಇಲ್ದಿದ್ರೆ ಕೋಣ ಒಂದ್ ಹೆಜ್ಜೆ ಮುಂದಕ್ ಹೋಗ್ತಿರ್ಲಿಲ್ಲ ಅಂತ. ಪಾಪ, ಅಷ್ಟ್ ವರ್ಷ ಬಗ್ಗಿ ಬಗ್ಗಿ ನಿಮಗೆ ಬೆನ್ ನೋವು ಬಂದಿಲ್ವಾ?"

ನನಗೆ ಮೊದಲು ಬಂದದ್ದು ಸಿಟ್ಟು. ಸತ್ತವನ ಪಕ್ಕದಲ್ಲಿ ನಿಂತು ನನಗೆ ಸಿಟ್ಟು ಬಂತು. ನಾನು, ಹಿಂಗಾಲೇ? ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಫೋಟೋ ಒರೆಸುತ್ತ ಅಂದಳು, "ಅವತ್ತು ಅಪ್ಪ ರೂಲ್ಸ್ ಮುರಿದು ನನ್ ತಲೆ ಸವರಿದ್ರು. ಬೋಳುತಲೆ ಕೋಳಿಮರಿ ಅಂತ ಕ್ಲಾಸಲ್ಲಿ ಎಲ್ರೂ ರೇಗಿಸ್ತಿದ್ರು ಅಂಕಲ್. ಅವತ್ತಿಂದ ಒಬ್ರೂ ರೇಗಿಸ್ಲಿಲ್ಲ." ನಾನು ಬಾಯಿ ಮುಚ್ಚಿಕೊಂಡೆ. ಕಾಫಿ ಕುಡಿದು ಕೊನೆಯ ದೋಣಿ ಹಿಡಿದೆ.

ಈಗ ಮಾಮ್ ನೆನಿತಾ ಅವರ ಕೈಯಲ್ಲೊಂದು ಕಾಗದ ಇದೆ. ಗಾಜಿನ ಪೆಟ್ಟಿಗೆಯ ಹಿತ್ತಾಳೆ ಫಲಕದ ಮೇಲೆ ಕೆತ್ತಬೇಕಾದ ಹೆಸರುಗಳು. ಮೂವತ್ತು ವರ್ಷದ ಕಾನೂನು ಮುರಿದು ಅವರು ಮೊದಲ ಸಲ ಬರೆದಿದ್ದಾರೆ. ಮುಂಗಾಲು ಮತ್ತು ಕಂಠ, ರೊಸೆಂಡೊ ಪಲ್ಮಾರೆಸ್. ಹಿಂಗಾಲು, ಎಲುತೇರಿಯೊ ಗುಂಬಾನ್. ನಾನು ಇಡೀ ಆಯುಷ್ಯ ಬೇಡಿಕೊಂಡದ್ದು ಕೊನೆಗೂ ಬಂದಿದೆ. ತಂದೆಯ ಪರವಾಗಿ ಸನ್ಮಾನ ಸ್ವೀಕರಿಸಲು ಅನಾಲಿನ್ ಮೂರು ಗಂಟೆಯ ದೋಣಿಗೆ ಹೊರಟಿದ್ದಾಳೆ. ಬೇಗ ಮುಗಿಸಬೇಕು ಎಂದೆನಲ್ಲ, ಕಾರಣ ಇದೇ.

ಮಾಮ್, ಅವಳ ಮುಂದೆ ಆ ಹೆಸರುಗಳನ್ನು ಅದಲು ಬದಲು ಮಾಡಿ ಓದಿ. ಫಲಕದಲ್ಲೂ ಹಾಗೇ ಕೆತ್ತಿಸಿ. ಮ್ಯೂಸಿಯಂಗೆ ಸುಳ್ಳು ಹೇಳುವುದೇ ಎನ್ನಬೇಡಿ. ನಾರಿಗೆ ಬಣ್ಣ ಬಳಿದು ಕೋಣ ಎಂದವರು ನಾವು. ಇಲ್ಲಿರುವವರೆಲ್ಲ ನಟರು, ನಟರ ಮನೆಯವರು. ಹೊರಗಿನವರು ಇಬ್ಬರೇ: ಗುಟ್ಟು ಕಾಯುವುದು ಪಾದ್ರಿಗಳಿಗೆ ಧರ್ಮ, ಕೌನ್ಸಿಲರಿಗೆ ಅಭ್ಯಾಸ. ತೆರ್ಯೋ ಕೇಳಿದ್ದು ಒಂದೇ ಆಟ. ಅದನ್ನು ಕೊಡುವುದಕ್ಕೆ ನಾನು ಇಪ್ಪತ್ತಮೂರು ವರ್ಷ ತಡಮಾಡಿದೆ, ಅವನು ಇಲ್ಲದ ಮೇಲೆ ಕೊಡುತ್ತಿದ್ದೇನೆ. ನನಗೆ ಬಹಳ ನಾಚಿಕೆಯಾಗುತ್ತಿದೆ, ಬಹಳ ದುಃಖವೂ ಆಗುತ್ತಿದೆ. ದಯವಿಟ್ಟು ಇಷ್ಟು ಮಾಡಿ.

ಬಾಗಿಲ ಬಳಿ ಯಾರದು? ಬಾಮ್ಮಾ ಅನಾಲಿನ್, ಬಾ. ಅಲ್ಲೇ ನಿಲ್ಲಬೇಡ, ಮುಂದಿನ ಸಾಲಿನಲ್ಲಿ ನಿನಗೆ ಜಾಗ ಇಟ್ಟಿದ್ದಾರೆ. ದಾರಿ ಬಿಡ್ರಪ್ಪ, ಕಪ್ಪೆಗಳೇ, ಸ್ವಲ್ಪ ಸರಿಯಿರಿ. ದೋಣಿ ತಡವಾಯಿತೇ? ಚಿಂತೆಯಿಲ್ಲ, ನಾನಿನ್ನೂ ನಿನ್ನ ತಂದೆಯ ವಿಷಯವನ್ನೇ ಹೇಳುತ್ತಿದ್ದೆ.

ಸಭಿಕರೇ, ಎಲುತೇರಿಯೊ ಗುಂಬಾನ್ ಹತ್ತೊಂಬತ್ತು ವರ್ಷ ಈ ಕೋಣನ ತಲೆ ಹೊತ್ತು, ಮುಂದೆ ನಿಂತು ಹಾಡಿದರು. ಅಂಥ ಕಂಠವನ್ನು ಈ ಊರು ಮತ್ತೆ ಕೇಳಿಲ್ಲ. ಒಂದು ಶನಿವಾರ ಅವರು ನಿಯಮ ಮುರಿದು ಮಗಳ ತಲೆ ಸವರಿದರು, ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅವರ ಹಿಂದೆ ಬಗ್ಗಿಕೊಂಡಿದ್ದೆ, ಬೆಲ್ಟು ಹಿಡಿದುಕೊಂಡಿದ್ದೆ. ನನಗೆ ಏನೂ ಕಾಣಿಸಲಿಲ್ಲ. ಹಿಂಗಾಲಿನವನನ್ನೂ ಕರೆದು ಮಾತಾಡಿಸಿದಿರಿ, ಇಷ್ಟು ಹೊತ್ತು ಕೇಳಿದಿರಿ, ನಿಮಗೆಲ್ಲ ನಾನು ಋಣಿ. ಮಾಮ್, ಇನ್ನು ಹೆಸರು ಓದಿ. ನಮಸ್ಕಾರ.